ಎಮ್ಡೆನ್‌ಗೆ ಹೋಗುವುದಾದರೆ: ಮೊದಲು ನೀರು ನೋಡಿ, ಆಮೇಲೆ ಊರು

ಜರ್ಮನಿಯ ನಕ್ಷೆಯಲ್ಲಿ ಎಡಗಡೆಯ ಮೇಲ್ಮೂಲೆ ನೋಡಿ. ನೆದರ್‌ಲ್ಯಾಂಡ್ಸ್ ಗಡಿಗೆ ಅಂಟಿಕೊಂಡಂತೆ, ಎಮ್ಸ್ ನದಿ ಉತ್ತರ ಸಮುದ್ರ ಸೇರುವ ಕಡೆ ಒಂದು ಊರಿದೆ. ಅದೇ ಎಮ್ಡೆನ್. ಸುಮಾರು ಐವತ್ತು ಸಾವಿರ ಜನ ಇರುವ ಬಂದರು. ಬೋರ್ಕುಮ್ ದ್ವೀಪಕ್ಕೆ ಹಡಗು ಹತ್ತುವ ಜಾಗ ಅಂತಷ್ಟೇ ಬಹಳ ಜನಕ್ಕೆ ಇದು ಗೊತ್ತು. ರೈಲಿಳಿಯುತ್ತಾರೆ, ಹಡಗು ಹತ್ತುತ್ತಾರೆ, ಹೋಗಿಬಿಡುತ್ತಾರೆ. ನನಗಂತೂ ಅದು ಬೇಜಾರಾಗುತ್ತದೆ. ಈ ಊರಿಗೆ ಎರಡು ದಿನ ಕೊಡಿ. ಕನ್ನಡಿಗರಾಗಿದ್ದರೆ ಮೂರು ದಿನ ಕೊಡಿ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಎಮ್ಡೆನ್ ಎನ್ನುವ ಹೆಸರನ್ನು ನೀವು ಬಹುಶಃ ಮೊದಲೇ ಕೇಳಿರುತ್ತೀರಿ. 1914ರ ಸೆಪ್ಟೆಂಬರ್ 22ರ ರಾತ್ರಿ ಒಂದು ಜರ್ಮನ್ ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡು ಹಾರಿಸಿತು. ಬಂದರಿನ ಎಣ್ಣೆ ಟ್ಯಾಂಕುಗಳು ಹೊತ್ತಿ ಉರಿದವು. ಆ ನೌಕೆಯ ಹೆಸರು ಎಮ್ಡೆನ್. ಗಟ್ಟಿಗ, ಚಾಲಾಕಿ ಮನುಷ್ಯನನ್ನು ತಮಿಳಿನಲ್ಲಿ ಈಗಲೂ 'ಎಮ್ಡನ್' ಅನ್ನುತ್ತಾರೆ. ಆ ನೌಕೆಗೆ ಹೆಸರು ಕೊಟ್ಟ ಊರು ಇದು.

ಹೋಗುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿರಲಿ. ಇದು ಹಳೆಯ ಮನೆಗಳ ಸಾಲುಸಾಲು ಇರುವ ಊರಲ್ಲ. 1944ರ ಸೆಪ್ಟೆಂಬರ್ 6ರಂದು ಬಾಂಬ್ ದಾಳಿ ಆಯಿತು. ಊರ ನಡುಭಾಗದ ಸುಮಾರು ಶೇಕಡಾ 80ರಷ್ಟು ನೆಲಸಮವಾಯಿತು. ನೀವು ನೋಡುವ ಹೆಚ್ಚಿನ ಕಟ್ಟಡಗಳು ಆಮೇಲೆ ಕಟ್ಟಿದವು, ಸಾದಾ ಕೆಂಪು ಇಟ್ಟಿಗೆಯವು. ಆದರೆ ಹಳೆಯ ಬಂದರು, ಕಾಲುವೆಗಳು, ಕೋಟೆಯ ಸುತ್ತಲಿನ ಕಂದಕ ಎಲ್ಲವೂ ಇದ್ದಲ್ಲೇ ಇವೆ. ಹಾಗಾಗಿ ಇಲ್ಲಿ ಬೀದಿಯಿಂದ ಶುರು ಮಾಡಬೇಡಿ, ನೀರಿನಿಂದ ಶುರು ಮಾಡಿ. ಆಗ ಊರು ತಾನಾಗಿ ಅರ್ಥವಾಗುತ್ತದೆ.

ಹೊರಡುವ ಮುಂಚೆ

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಸಮಯ. ಜೂನ್‌ನಲ್ಲಿ ರಾತ್ರಿ ಹತ್ತು ಗಂಟೆ ದಾಟಿದರೂ ಬೆಳಕಿರುತ್ತದೆ. ದಿನ ಉದ್ದ ಸಿಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಕತ್ತಲೆ. ದೋಣಿ ಸವಾರಿಗಳೂ ಚಳಿಗಾಲದಲ್ಲಿ ಹೆಚ್ಚುಕಮ್ಮಿ ನಿಂತಿರುತ್ತವೆ.

ಭಾರತದಿಂದ ಬರುವವರಿಗೆ ಷೆಂಗೆನ್ ವೀಸಾ ಬೇಕು. 180 ದಿನಗಳಲ್ಲಿ 90 ದಿನದವರೆಗೆ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಲು ಬಿಡುತ್ತಾರೆ. ಬೇಸಿಗೆಗೆ ಹೋಗುವುದಾದರೆ ಬೇಗ ಹಾಕಿ. ಏಪ್ರಿಲ್, ಮೇ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ಕೊಡೆ ತರಬೇಡಿ. ಇಲ್ಲಿಯ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ತಲೆ ಮುಚ್ಚುವ ಟೋಪಿ ಇರುವ, ಗಾಳಿ ತಡೆಯುವ ಮಳೆ ಜಾಕೆಟ್ ತನ್ನಿ. ಜುಲೈಯಲ್ಲೂ ಒಂದು ಸ್ವೆಟರ್ ಜೊತೆಗಿರಲಿ. ವಯಸ್ಸಾದವರು ಜೊತೆಗಿದ್ದರೆ ಕಿವಿ ಮುಚ್ಚುವ ಬಟ್ಟೆಯೂ ಇರಲಿ. ನಮ್ಮಮ್ಮ ಬಂದಿದ್ದಾಗ ಚಳಿಗಿಂತ ಈ ಗಾಳಿಗೇ ಜಾಸ್ತಿ ಸುಸ್ತಾಗಿದ್ದರು.

ಇನ್ನೊಂದು ಮಾತು. ಸೋಮವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ. ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ನಾವು ಮೊದಲ ಸಲ ಹೋಗಿದ್ದು ಸೋಮವಾರವೇ. ಬಾಗಿಲಿನ ಬೋರ್ಡು ಓದಿ ವಾಪಸ್ ಬಂದೆವು. ಭಾನುವಾರ ಮ್ಯೂಸಿಯಂ ತೆರೆದಿರುತ್ತದೆ, ಆದರೆ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ಹಾಗಾಗಿ ಬ್ರೆಡ್ಡು, ಹಾಲು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ.

ತಲುಪುವುದು

ಬ್ರೆಮೆನ್‌ನಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಓಲ್ಡನ್‌ಬರ್ಗ್, ಲೇರ್ ದಾಟಿ ಬರುತ್ತದೆ. ದಕ್ಷಿಣದಿಂದ ಬರುವವರಿಗೆ ಮ್ಯೂನ್‌ಸ್ಟರ್‌ನಿಂದ ರೈನೆ ಮೇಲೆ ಹಾದು ಬರುವ ರೈಲಿದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಿಮಾನ ಇಳಿಯುವವರೂ ರೈನೆಯಲ್ಲಿ ರೈಲು ಬದಲಿಸಿ ಬರಬಹುದು. ಎಮ್ಡೆನ್ ಇರುವುದು ಗಡಿಯ ಪಕ್ಕದಲ್ಲೇ ಅಲ್ವಾ, ಹಾಗಾಗಿ ಆ ದಾರಿಯೂ ಚೆನ್ನಾಗಿ ಹೊಂದುತ್ತದೆ.

ಟಿಕೆಟ್ಟಿನ ಲೆಕ್ಕ ಹೀಗಿದೆ. ಇಬ್ಬರು ಮೂವರು ಒಟ್ಟಿಗೆ ಬರುತ್ತಿದ್ದರೆ 'ನೀಡರ್‌ಝಾಕ್ಸೆನ್ ಟಿಕೆಟ್' ತೆಗೆದುಕೊಳ್ಳಿ. ನೀಡರ್‌ಝಾಕ್ಸೆನ್ ಅಂದರೆ ಎಮ್ಡೆನ್ ಇರುವ ರಾಜ್ಯ. ಒಂದೇ ಟಿಕೆಟ್ಟಿನಲ್ಲಿ ಐದು ಜನರವರೆಗೆ ಇಡೀ ದಿನ ಓಡಾಡಬಹುದು. ಬ್ರೆಮೆನ್, ಹ್ಯಾಂಬರ್ಗ್‌ನಿಂದಲೂ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ ಮಾತ್ರ, ಶನಿವಾರ ಭಾನುವಾರ ಹೊತ್ತಿನ ಕಟ್ಟಿಲ್ಲ. ಪ್ರಾದೇಶಿಕ ರೈಲಿಗಷ್ಟೇ ಅದು. ಒಂದು ತಿಂಗಳು ಜರ್ಮನಿ ಸುತ್ತುವವರಿಗೆ ದೇಶದ ಎಲ್ಲ ಪ್ರಾದೇಶಿಕ ರೈಲು, ಬಸ್ಸುಗಳಿಗೆ ನಡೆಯುವ 'ಡಾಯ್ಚ್‌ಲಾಂಟ್ ಟಿಕೆಟ್' ಲಾಭ. ಆದರೆ ಅದು ತಿಂಗಳಿಂದ ತಿಂಗಳಿಗೆ ತಾನೇ ಮುಂದುವರಿಯುವ ಚಂದಾ. ಆ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು. ಮರೆತರೆ ಮುಂದಿನ ತಿಂಗಳ ದುಡ್ಡೂ ಹೋಗುತ್ತದೆ.

ಇಳಿಯಬೇಕಾದದ್ದು 'ಎಮ್ಡೆನ್ ಹೌಪ್ಟ್‌ಬಾನ್‌ಹೋಫ್'. ಇನ್ನೊಂದು ನಿಲ್ದಾಣ ಇದೆ, 'ಎಮ್ಡೆನ್ ಔಸೆನ್‌ಹಾಫೆನ್'. ಅದು ಬೋರ್ಕುಮ್ ಹಡಗು ಹತ್ತುವವರಿಗೆ. ಮುಖ್ಯ ನಿಲ್ದಾಣದಿಂದ ಊರ ನಡುವಿಗೆ ನಿಧಾನವಾಗಿ ನಡೆದರೂ ಕಾಲು ಗಂಟೆ.

ಯಾರಾದರೂ 'ಮೊಯ್ನ್' ಅಂದರೆ ನೀವೂ 'ಮೊಯ್ನ್' ಅನ್ನಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಲ್ಲದಕ್ಕೂ ಇಲ್ಲಿ ಅದೇ ನಮಸ್ಕಾರ.

ಮೊದಲ ದಿನ: ಡೆಲ್ಫ್ಟ್‌ನ ದಡ

ನೇರ ರಾಟ್ಸ್‌ಡೆಲ್ಫ್ಟ್‌ಗೆ ಹೋಗಿ. ಊರ ಒಳಗೆ ಬೆರಳು ಚಾಚಿದ ಹಾಗೆ ಬಂದಿರುವ ಹಳೆಯ ಬಂದರು ಅದು. ಮೆಟ್ಟಿಲ ಮೇಲೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಎದುರಿಗೆ ನಿಂತಿರುವ ಹಡಗುಗಳೇ ಊರಿನ ಕಥೆ. ಕೆಂಪು ಬಣ್ಣದ್ದು ದೀಪದ ಹಡಗು. ಲೈಟ್‌ಹೌಸ್ ಕಟ್ಟಲಾಗದ ಕಡೆ ಲಂಗರು ಹಾಕಿ ನಿಂತು ದಾರಿ ತೋರಿಸುತ್ತಿದ್ದ ಹಡಗು ಅದು. ಇನ್ನೊಂದು 'ಗೇಯೋರ್ಗ್ ಬ್ರಾಯ್ಸಿಂಗ್', ಬಿರುಗಾಳಿಯಲ್ಲಿ ಸಿಕ್ಕಿಕೊಂಡವರನ್ನು ಕಾಪಾಡಲು ಬೋರ್ಕುಮ್‌ನಿಂದ ಹೊರಡುತ್ತಿದ್ದ ಹಡಗು. ಜೊತೆಗೆ ಹೆರಿಂಗ್ ಮೀನು ಹಿಡಿಯುತ್ತಿದ್ದ ಹಳೆಯ ಹಡಗು. ಬೇಸಿಗೆಯಲ್ಲಿ ಒಳಗೆ ಹತ್ತಿ ನೋಡಬಹುದು. ಏಣಿಗಳು ಕಡಿದಾಗಿವೆ, ಬಾಗಿಲು ಗಿಡ್ಡ. ಮಂಡಿ ನೋವಿರುವವರು ದಡದಲ್ಲೇ ಕೂತಿರುವುದು ಒಳ್ಳೆಯದು.

ದಡದಲ್ಲಿ 1635ರ ಒಂದು ಕಲ್ಲಿನ ಬಾಗಿಲು ಉಳಿದಿದೆ. ಹಾಫೆನ್‌ಟೋರ್, ಅಂದರೆ ಬಂದರು ಬಾಗಿಲು. ಅದರ ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು ಕೆತ್ತಿದ್ದಾರೆ. ಎಮ್ಡೆನ್‌ಗೆ ಸೇತುವೆಯೂ ದೇವರೇ, ಬಂದರೂ ದೇವರೇ, ಹಾಯಿಗೆ ಬೀಸುವ ಗಾಳಿಯೂ ದೇವರೇ ಎನ್ನುವ ಅರ್ಥ. ಬಹಳ ಜನ ನೋಡದೆ ದಾಟಿ ಹೋಗುತ್ತಾರೆ. ನೀವು ನಿಂತು ನೋಡಿ. ಸಮುದ್ರ ನಂಬಿ ಬದುಕಿದವರು ಬರೆಸಿದ ಸಾಲು ಅದು.

ಡೆಲ್ಫ್ಟ್‌ನ ತುದಿಯಲ್ಲಿ ಗೋಪುರ ಇರುವ ಕಟ್ಟಡ ರಾಟ್‌ಹೌಸ್, ಹಳೆಯ ನಗರಸಭೆಯ ಜಾಗ. ಮೊದಲನೆಯದನ್ನು 1574ರಿಂದ 1576ರ ನಡುವೆ, ಆಂಟ್‌ವರ್ಪ್ ನಗರಸಭೆಯ ಮಾದರಿಯಲ್ಲಿ ಕಟ್ಟಿದ್ದರು. ಆ ಕಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸ್ಪೇನ್ ವಿರುದ್ಧ ದಂಗೆ ನಡೆಯುತ್ತಿತ್ತು. ಅಲ್ಲಿಂದ ತಪ್ಪಿಸಿಕೊಂಡ ವ್ಯಾಪಾರಿಗಳು, ನೇಕಾರರು, ಹಡಗಿನವರು ಇಲ್ಲಿಗೆ ಬಂದು ನೆಲೆಸಿದರು. ಅವರಿಂದ ಈ ಸಣ್ಣ ಊರು ಯುರೋಪಿನ ದೊಡ್ಡ ಬಂದರುಗಳಲ್ಲಿ ಒಂದಾಯಿತು. 1944ರಲ್ಲಿ ಆ ಕಟ್ಟಡ ಸುಟ್ಟುಹೋಯಿತು. ಹಳೆಯ ಆಕಾರ ನೆನಪಿಸುವಂತೆ ಹೊಸದನ್ನು ಕಟ್ಟಿ 1962ರಲ್ಲಿ ತೆರೆದರು. ದಿನ ಯಾವುದು ಗೊತ್ತಾ? ಸೆಪ್ಟೆಂಬರ್ 6. ಊರು ಸುಟ್ಟ ಅದೇ ದಿನ, ಹದಿನೆಂಟು ವರ್ಷ ಕಳೆದು.

ಈಗ ಒಳಗೆ ಓಸ್ಟ್‌ಫ್ರೀಸ್‌ಲಾಂಟ್, ಅಂದರೆ ಎಮ್ಡೆನ್ ಸುತ್ತಲಿನ ಈ ಕರಾವಳಿ ಪ್ರಾಂತ್ಯದ ಮ್ಯೂಸಿಯಂ ಇದೆ. ಊರಿನವರೇ ಹೊರುತ್ತಿದ್ದ ಕವಚ, ಈಟಿ, ಕೋವಿಗಳ ಆಯುಧಶಾಲೆ ಅಲ್ಲಿಯ ಹೆಮ್ಮೆ. ಎರಡು ಗಂಟೆ ಇಟ್ಟುಕೊಳ್ಳಿ. ಗೋಪುರ ಹತ್ತಲು ಬಿಡುತ್ತಿದ್ದರೆ ಖಂಡಿತ ಹತ್ತಿ. ಮೇಲಿಂದ ನೋಡಿದರೆ ಊರು ಎಷ್ಟು ತಗ್ಗಿನಲ್ಲಿದೆ, ನೀರು ಎಲ್ಲೆಲ್ಲಿ ಹರಿದಿದೆ ಎಲ್ಲ ಕಾಣುತ್ತದೆ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಗ್ರೋಸೆ ಕಿರ್ಷೆ. ಬಾಂಬಿನಲ್ಲಿ ಹಾಳಾದ ದೊಡ್ಡ ಚರ್ಚು. ಅದನ್ನು ಮೊದಲಿನಂತೆ ಕಟ್ಟಲಿಲ್ಲ. ಹಳೆಯ ಗೋಡೆಗಳನ್ನು ಉಳಿಸಿಕೊಂಡು, ಅದರೊಳಗೆ 'ಯೋಹಾನೆಸ್ ಆ ಲಾಸ್ಕೊ' ಎಂಬ ಹಿಂದಿನ ಕಾಲದ ಪಾದ್ರಿಯ ಹೆಸರಿನ ಗ್ರಂಥಾಲಯ ಮಾಡಿದರು. ಸುಟ್ಟ ಕಲ್ಲಿನ ಪಕ್ಕದಲ್ಲೇ ಪುಸ್ತಕದ ಕಪಾಟು. ಎಮ್ಡೆನ್‌ನಲ್ಲಿ ನನಗೆ ಅತಿ ಇಷ್ಟವಾದ ಕಟ್ಟಡ ಇದೇ.

ಊರಲ್ಲಿ ಅಲ್ಲಲ್ಲಿ ಕಿಟಕಿಯೇ ಇಲ್ಲದ ದಪ್ಪ ಕಾಂಕ್ರೀಟಿನ ಕಟ್ಟಡಗಳು ಕಾಣುತ್ತವೆ. ಅವು ಯುದ್ಧಕಾಲದ ಬಂಕರ್‌ಗಳು. ದಾಳಿಯ ದಿನ ಸಾವಿರಾರು ಜನ ಬದುಕಿದ್ದು ಅವುಗಳೊಳಗೆ ಇದ್ದುದರಿಂದ. ಒಂದನ್ನು ಮ್ಯೂಸಿಯಂ ಮಾಡಿದ್ದಾರೆ. ಬೇಸಿಗೆ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ. ಸಣ್ಣ ಮಕ್ಕಳಿದ್ದರೆ ಯೋಚಿಸಿ ಹೋಗಿ. ಒಳಗೆ ಇಕ್ಕಟ್ಟು, ಮನಸ್ಸಿಗೂ ಭಾರ.

ಸಂಜೆ: ಚಹಾ

ಇದನ್ನು ತಪ್ಪಿಸಬೇಡಿ. ಕಾಫಿ ಕುಡಿಯುವ ಜರ್ಮನಿಯಲ್ಲಿ ಓಸ್ಟ್‌ಫ್ರೀಸ್‌ಲಾಂಟ್ ಒಂದು ಚಹಾ ನಾಡು. ಇಲ್ಲಿ ಒಬ್ಬೊಬ್ಬರು ವರ್ಷಕ್ಕೆ ಸುಮಾರು 300 ಲೀಟರ್ ಚಹಾ ಕುಡಿಯುತ್ತಾರೆ. 1750ರ ದಶಕದಲ್ಲಿ ಪ್ರಶ್ಯದ ದೊರೆ ಫ್ರೆಡರಿಕ್ ಏಷ್ಯಾ ವ್ಯಾಪಾರಕ್ಕಾಗಿ ಕಂಪನಿ ಮಾಡಿಸಿದ್ದೂ ಎಮ್ಡೆನ್‌ನಲ್ಲೇ. ಅದರ ಹಡಗುಗಳು ಚೀನಾದ ಕ್ಯಾಂಟನ್‌ವರೆಗೆ ಹೋಗಿ ಚಹಾ ತಂದವು. ಈಗಿನ ಇಲ್ಲಿಯ ಚಹಾ ಪುಡಿಯಲ್ಲಿ ಮುಖ್ಯವಾಗಿ ಇರುವುದು ನಮ್ಮ ಅಸ್ಸಾಮಿನ ಎಲೆ.

ಕುಡಿಯುವ ಕ್ರಮ ಹೀಗೆ. ತೆಳು ಪಿಂಗಾಣಿಯ ಸಣ್ಣ ಕಪ್ಪಿಗೆ ಮೊದಲು ಒಂದು ತುಂಡು ಕಲ್ಲುಸಕ್ಕರೆ ಹಾಕುತ್ತಾರೆ. ಅದಕ್ಕೆ ಕ್ಲುಂಟ್ಯೆ ಅನ್ನುತ್ತಾರೆ. ಮೇಲೆ ಬಿಸಿ ಚಹಾ ಸುರಿದಾಗ ಸಕ್ಕರೆ ಚಿಟಚಿಟ ಅಂತ ಬಿರಿಯುತ್ತದೆ. ಕಿವಿಗೊಟ್ಟು ಕೇಳಿ. ಆಮೇಲೆ ಸಣ್ಣ ಚಮಚದಲ್ಲಿ ಕೆನೆಯನ್ನು ಕಪ್ಪಿನ ಅಂಚಿನಿಂದ ಮೆಲ್ಲಗೆ ಬಿಡುತ್ತಾರೆ. ಅದು ಕೆಳಗಿಳಿದು, ಮೋಡದ ಹಾಗೆ ಮೇಲೆ ಬರುತ್ತದೆ. ಇನ್ನು ಕಲಕಬಾರದು. ಇದು ಮುಖ್ಯ. ಮೊದಲ ಗುಟುಕು ಕೆನೆ, ನಡುವಿನದು ಕಹಿ ಚಹಾ, ಕೊನೆಯದು ಸಿಹಿ. ಮೂರು ಕಪ್ ಕುಡಿಯುವುದು ಇಲ್ಲಿಯ ಪದ್ಧತಿ. ಒಂದೇ ಕಪ್ಪಿಗೆ ಎದ್ದರೆ ಕೊಟ್ಟವರಿಗೆ ಬೇಸರವಾಗುತ್ತದೆ. ಸಾಕು ಅನಿಸಿದಾಗ ಚಮಚವನ್ನು ಖಾಲಿ ಕಪ್ಪಿನೊಳಗೆ ಇಡಿ. ಹಾಗೆ ಇಡುವವರೆಗೂ ಸುರಿಯುತ್ತಲೇ ಇರುತ್ತಾರೆ.

ಸಸ್ಯಾಹಾರಿಗಳು ಏನು ಮಾಡಬೇಕು

ಮೀನು ತಿನ್ನುವವರಿಗೆ ಇದು ಹಬ್ಬದ ಊರು. ಉಪ್ಪಿನಲ್ಲಿ ಹದ ಮಾಡಿದ ಎಳೆ ಹೆರಿಂಗ್, ಅಂದರೆ ಮಾಟ್ಯೆಸ್, ಇಲ್ಲಿಯ ಹೆಸರುವಾಸಿ ತಿಂಡಿ. ಈರುಳ್ಳಿ ಹಾಕಿ ಬ್ರೆಡ್ಡಿನೊಳಗೆ ಇಟ್ಟು ಕೊಡುತ್ತಾರೆ. ಉತ್ತರ ಸಮುದ್ರದ ಪುಟ್ಟ ಕಂದು ಸಿಗಡಿಯೂ ರುಚಿ.

ಸಸ್ಯಾಹಾರಿಗಳು ಸ್ವಲ್ಪ ಎಚ್ಚರವಾಗಿರಬೇಕು. 'ಇಷ್ ಎಸ್ಸೆ ಕೈನ್ ಫ್ಲೈಷ್ ಉಂಟ್ ಕೈನೆನ್ ಫಿಷ್' ಎಂಬ ವಾಕ್ಯ ಕಲಿತಿಟ್ಟುಕೊಳ್ಳಿ. ನಾನು ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ ಅಂತ ಅರ್ಥ. ಎರಡನ್ನೂ ಹೇಳಬೇಕು. ಬರೀ ಮಾಂಸ ಬೇಡ ಅಂದರೆ ಮೀನು ತಂದಿಡುವವರಿದ್ದಾರೆ. ಬಟಾಣಿ ಸೂಪು, ಬೀನ್ಸ್ ಪಲ್ಯ ಅಂತ ಕಂಡರೂ ಅದರಲ್ಲಿ ಹಂದಿ ಮಾಂಸ ಇರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಬೇಕರಿಗಳಲ್ಲಿ ಒಣದ್ರಾಕ್ಷಿ ಹಾಕಿದ ಮೆತ್ತಗಿನ ಬ್ರೆಡ್ಡು ಸಿಗುತ್ತದೆ. ಬೆಣ್ಣೆ ಹಚ್ಚಿ ಚಹಾದ ಜೊತೆ ತಿಂದರೆ ತುಂಬ ಚೆನ್ನ. 'ಓಸ್ಟ್‌ಫ್ರೀಸನ್‌ಟೋರ್ಟೆ' ಎಂಬ ಕೆನೆ ಕೇಕಿನ ಒಣದ್ರಾಕ್ಷಿಯನ್ನು ಮಾತ್ರ ರಮ್ ಅಥವಾ ಬ್ರಾಂಡಿಯಲ್ಲಿ ನೆನೆಸಿರುತ್ತಾರೆ. ಮಕ್ಕಳಿಗೆ ಕೊಡಬೇಡಿ.

ನಾವು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಜೊತೆಗಿಟ್ಟುಕೊಂಡು, ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಿದ್ದೆವು. ಹಿರಿಯರ ಜೊತೆ ಬರುವವರಿಗೆ ಇದೇ ಸುಲಭ. ನೀರಿನ ಬಾಟಲಿ ಕೊಂಡರೆ ಎಸೆಯಬೇಡಿ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಸೂಪರ್ ಮಾರ್ಕೆಟ್ಟಿನ ಮಷೀನಿಗೆ ಹಾಕಿದರೆ ದುಡ್ಡು ವಾಪಸ್.

ಎರಡನೇ ದಿನ: ದೋಣಿ, ಕಾಲುವೆ, ಏರಿ

ಬೆಳಿಗ್ಗೆ ಬಂದರು ಸುತ್ತುವ ದೋಣಿ ಹತ್ತಿ. ಡೆಲ್ಫ್ಟ್‌ನ ಮೆಟ್ಟಿಲ ಬಳಿಯಿಂದಲೇ ಹೊರಡುತ್ತದೆ. ಹತ್ತಿರ ಹತ್ತಿರ ಒಂದು ಗಂಟೆಯ ಸವಾರಿ. ಹಳೆಯ ಬಂದರು ಹಿಂದೆ ಬಿದ್ದು ಹೊಸದು ಬರುತ್ತದೆ. ಸಾಲಾಗಿ ನಿಂತ ಸಾವಿರಾರು ಹೊಸ ಕಾರುಗಳು, ಅವನ್ನು ತುಂಬಿಕೊಳ್ಳುವ ಪೆಟ್ಟಿಗೆಯಂಥ ಹಡಗುಗಳು. ಫೋಕ್ಸ್‌ವಾಗನ್ 1964ರಲ್ಲಿ ಇಲ್ಲಿ ಕಾರ್ಖಾನೆ ಶುರು ಮಾಡಿತು. ಈಗ ಯುರೋಪಿನ ದೊಡ್ಡ ಕಾರು ಬಂದರುಗಳಲ್ಲಿ ಇದೂ ಒಂದು. ಸಮುದ್ರದ ಕಡೆಯ ದೊಡ್ಡ ಲಾಕ್, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ಹಡಗು ದಾಟಿಸುವ ಬಾಗಿಲುಕಟ್ಟೆ, 1913ರದು. 260 ಮೀಟರ್ ಉದ್ದ, 40 ಮೀಟರ್ ಅಗಲ. ಹೊರಗೆ ಸಮುದ್ರ ಉಬ್ಬರ ಇಳಿತದಲ್ಲಿ ಮೂರು ಮೀಟರಿನಷ್ಟು ಏರಿಳಿದರೂ ಒಳಗಿನ ನೀರು ಹಾಗೇ ನಿಂತಿರುವುದು ಈ ಬಾಗಿಲುಗಳಿಂದ.

ಲಾಕ್ ಹೇಗೆ ಕೆಲಸ ಮಾಡುತ್ತದೆ ಅಂತ ಹತ್ತಿರದಿಂದ ನೋಡಬೇಕಾದರೆ ಕೆಸೆಲ್‌ಷ್ಲಾಯ್ಜೆಗೆ ಹೋಗಿ. 1880ರ ದಶಕದಲ್ಲಿ ಕಟ್ಟಿದ್ದು. ನಡುವೆ ಒಂದು ದುಂಡನೆಯ ಕೊಳ, ಅದರ ಸುತ್ತ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ಬೇರೆ ಬೇರೆ ಕಾಲುವೆ. ನೀರಿನ ಮಟ್ಟ ಒಂದೊಂದರದು ಒಂದೊಂದು. ದೋಣಿ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ಹೋಗಬೇಕಾದ ಕಾಲುವೆಯ ಮಟ್ಟಕ್ಕೆ ನೀರನ್ನು ಏರಿಸಿಯೋ ಇಳಿಸಿಯೋ ಆ ಕಡೆಯ ಬಾಗಿಲು ತೆಗೆಯುತ್ತಾರೆ. ಇಂಥ ನಾಲ್ಕು ಬಾಗಿಲಿನ ದುಂಡು ಲಾಕ್ ಬೇರೆಲ್ಲೂ ಸುಲಭಕ್ಕೆ ಕಾಣಸಿಗುವುದಿಲ್ಲ. ಒಂದು ದೋಣಿ ದಾಟುವವರೆಗೂ ಕಾದು ನಿಲ್ಲಿ. ಮಕ್ಕಳಿದ್ದರಂತೂ ಅಲ್ಲಿಂದ ಏಳಿಸುವುದೇ ಕಷ್ಟ.

ಅಲ್ಲಿಂದ 'ವಾಲ್' ಹಿಡಿದು ನಡೆಯಿರಿ. 17ನೇ ಶತಮಾನದ ಶುರುವಿನಲ್ಲಿ ಕಟ್ಟಿದ ಮಣ್ಣಿನ ಕೋಟೆ ಅದು. ಈಗ ಮರಗಳ ನೆರಳಿನ ಕಾಲುದಾರಿ, ಪಕ್ಕದಲ್ಲೇ ಕಂದಕದ ನೀರು, ನಡುನಡುವೆ ಗಾಳಿ ಗಿರಣಿ. ಮಳೆ ಬಂದರೆ ಕುನ್ಸ್ಟ್‌ಹಾಲೆಗೆ ನುಗ್ಗಿ. ಇದೇ ಊರಲ್ಲಿ ಹುಟ್ಟಿದ ಪತ್ರಕರ್ತ ಹೆನ್ರಿ ನಾನೆನ್ ತಾವು ಕೂಡಿಟ್ಟ ಚಿತ್ರಗಳಿಗಾಗಿ 1986ರಲ್ಲಿ ತೆರೆದ ಗ್ಯಾಲರಿ. ಫ್ರಾಂಟ್ಸ್ ಮಾರ್ಕ್ ಬರೆದ ನೀಲಿ ಕುದುರೆಮರಿಗಳ ಚಿತ್ರ ಇಲ್ಲಿಯದು.

ಎಮ್ಡೆನ್‌ನಲ್ಲಿ ಮರಳ ಬೀಚ್ ಇಲ್ಲ. ಮರಳು ಬೇಕಾದರೆ ಬೋರ್ಕುಮ್‌ಗೆ ಹೋಗಬೇಕು. ವೇಗದ ದೋಣಿಯಲ್ಲಿ ಒಂದು ಗಂಟೆ, ದೊಡ್ಡ ಹಡಗಿನಲ್ಲಿ ಎರಡು ಗಂಟೆಗೂ ಸ್ವಲ್ಪ ಜಾಸ್ತಿ. ನನ್ನ ಕೇಳಿದರೆ ಆ ಮಧ್ಯಾಹ್ನವನ್ನು ಗ್ರೇಟ್‌ಝೀಲ್‌ಗೆ ಕೊಡಿ. ಸುಮಾರು 20 ಕಿ.ಮೀ. ದೂರದ ಪುಟ್ಟ ಮೀನುಗಾರರ ಊರು. ಸಿಗಡಿ ದೋಣಿಗಳು, ಜೋಡಿ ಗಾಳಿ ಗಿರಣಿ, ಹಳೆಯ ಮನೆಗಳು. ಬಸ್ಸಿದೆ, ಭಾನುವಾರ ಕಡಿಮೆ. ಸೈಕಲ್ ಹೊಡೆಯುವವರಿಗೆ ದಾರಿ ಪೂರ್ತಿ ಸಮತಟ್ಟು. ಆದರೆ ಗಾಳಿಯೇ ಇಲ್ಲಿಯ ಏರುದಾರಿ. ಹೋಗುವಾಗ ಎದುರುಗಾಳಿ, ಬರುವಾಗ ಹಿಂಗಾಳಿ ಸಿಗುವ ಹಾಗೆ ದಿಕ್ಕು ನೋಡಿ ಹೊರಡಿ. ಉಲ್ಟಾ ಆದರೆ ಸುಸ್ತಾದ ಮೇಲೆ ಹೆಣಗಬೇಕಾಗುತ್ತದೆ.

ದಾರಿಯುದ್ದಕ್ಕೂ ಸಮುದ್ರ ಕಾಣುವುದಿಲ್ಲ, ಹುಲ್ಲು ಬೆಳೆದ ಏರಿ ಕಾಣುತ್ತದೆ. ನಮ್ಮ ಕೆರೆ ಏರಿಯ ಹಾಗೇ, ಆದರೆ ಇಲ್ಲಿ ನೀರು ಇಡೀ ಸಮುದ್ರ. ಏರಿಯ ಒಳಗಿನ ಕೆಲವು ಹೊಲಗಳು ಸಮುದ್ರ ಮಟ್ಟಕ್ಕಿಂತ ಎರಡು ಮೀಟರಿಗೂ ಜಾಸ್ತಿ ಕೆಳಗಿವೆ. ಮೇಲೆ ಹತ್ತಿ ನೋಡಿ. ಇಳಿತದ ಹೊತ್ತಾದರೆ ಕಣ್ಣು ಹಾಯುವಷ್ಟು ದೂರ ಕೆಸರು ನೆಲ, ಅದರ ಮೇಲೆ ಸಾವಿರಾರು ಹಕ್ಕಿ. 2009ರಿಂದ ಇದು ಯುನೆಸ್ಕೋ ವಿಶ್ವ ಪರಂಪರೆಯ ತಾಣ. ನೆಲ ಒಣಗಿದೆ ಅಂತ ನೀವೇ ಇಳಿದು ದೂರ ನಡೆಯಬೇಡಿ. ನೀರು ಹಿಂದಿನಿಂದ ಬಂದು ದಾರಿ ಕಟ್ಟುತ್ತದೆ. ನಡೆಯಲೇಬೇಕು ಅನಿಸಿದರೆ ಪರವಾನಗಿ ಇರುವ ಮಾರ್ಗದರ್ಶಕರ ಗುಂಪಿನ ಜೊತೆ ಮಾತ್ರ ಹೋಗಿ.

ಮೂರನೇ ದಿನ: ಕಿಟ್ಟೆಲ್ ಹುಟ್ಟಿದ ಊರು

ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ನಿಂತಿರುವ ಕಿಟ್ಟೆಲ್ ಪ್ರತಿಮೆ ನೋಡಿರುತ್ತೀರಿ ಅಲ್ವಾ. ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಕೊಟ್ಟವರು. ಅವರು ಎಮ್ಡೆನ್ ಕಡೆಯ ಈ ಕರಾವಳಿಯವರು. 1832ರ ಏಪ್ರಿಲ್ 7ರಂದು ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಪಾದ್ರಿ. ಬಾಸೆಲ್ ಮಿಷನ್ ಸೇರಿ 1853ರಲ್ಲಿ ಭಾರತಕ್ಕೆ ಬಂದಾಗ ಅವರಿಗೆ ಇಪ್ಪತ್ತೊಂದು ವರ್ಷ.

ಹೋಗುವ ಬಗೆ ಹೇಳುತ್ತೇನೆ. ಎಮ್ಡೆನ್‌ನಿಂದ ನೋರ್ಡ್‌ಡೈಷ್ ಕಡೆಯ ರೈಲು ಹತ್ತಿ ನೋರ್ಡನ್‌ನಲ್ಲಿ ಇಳಿಯಿರಿ. ಅಲ್ಲಿಯ ಚಹಾ ಮ್ಯೂಸಿಯಂ, ಲುಡ್ಗೇರಿ ಚರ್ಚಿನ ಹಳೆಯ ಆರ್ಗನ್ ಎರಡನ್ನೂ ನೋಡಲು ಒಂದೂವರೆ ಗಂಟೆ ಸಾಕು. ಬೇಸಿಗೆಯ ಭಾನುವಾರಗಳಲ್ಲಿ ನೋರ್ಡನ್‌ನಿಂದ ಡೋರ್ನುಮ್‌ಗೆ ಹಳೆಯ ಬೋಗಿಗಳ ಮ್ಯೂಸಿಯಂ ರೈಲು ಓಡುತ್ತದೆ. ಉಳಿದ ದಿನ ಬಸ್ಸು ಅಥವಾ ಬಾಡಿಗೆ ಕಾರು. ಡೋರ್ನುಮ್‌ನಲ್ಲಿ ಕಂದಕದ ನೀರಿನ ನಡುವೆ ಒಂದು ಅರಮನೆ ಇದೆ, ಅದನ್ನೂ ನೋಡಿ. ಅಲ್ಲಿಂದ ರೆಸ್ಟರ್‌ಹಾಫೆ ಕೆಲವೇ ಕಿ.ಮೀ. ನಡೆಯಬಹುದು, ಸೈಕಲ್ಲಾದರೆ ಇನ್ನೂ ಒಳ್ಳೆಯದು.

ಅಲ್ಲಿ ಏನಿದೆ ಅಂತ ಕೇಳಿದರೆ, ಒಂದು ಹಳೆಯ ಇಟ್ಟಿಗೆ ಚರ್ಚು, ಕೆಲವು ಮನೆ, ಹೊಲ, ಆಕಾಶ. ಅಷ್ಟೇ. ಚರ್ಚಿನ ಬಾಗಿಲು ಮುಚ್ಚಿದ್ದರೂ ಸುತ್ತ ಒಂದು ಸಲ ನಡೆಯಿರಿ. ಅಪ್ಪ ಧಾರವಾಡದಿಂದ ಬಂದಿದ್ದಾಗ ಎಮ್ಡೆನ್‌ಗಿಂತ ಜಾಸ್ತಿ ಹೊತ್ತು ಇಲ್ಲೇ ನಿಂತಿದ್ದರು. ಕಿಟ್ಟೆಲರು ಧಾರವಾಡದಲ್ಲಿ ಇದ್ದವರು, ನಾವು ಅವರ ಊರಿಗೆ ಬಂದು ನಿಂತಿದ್ದೆವು. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಒಂದು ಮಾತು ಎನ್ನುವ ನಾಡು ಇದು. ಹಳ್ಳಿಗಳಲ್ಲಿ ಪ್ಲಾಟ್ ಎಂಬ ಇಲ್ಲಿಯ ನುಡಿ ಈಗಲೂ ಕೇಳುತ್ತದೆ. ಎರಡು ನುಡಿಗಳ ನಡುವೆ ಬೆಳೆದ ಹುಡುಗನಿಗೆ ಕನ್ನಡದ ಒಂದೊಂದು ಪದದ ಬೇರು, ಒಳನಾಡಿನ ರೂಪ ಹುಡುಕುವ ಆಸೆ ಬಂದದ್ದು ಸಹಜ ಅಂತ ಅಲ್ಲಿ ನಿಂತಾಗ ನನಗೆ ಅನಿಸಿತು.

ಹಳ್ಳಿಯಲ್ಲಿ ಅಂಗಡಿ, ಹೋಟೆಲ್ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ನೀರು, ಬುತ್ತಿ ಡೋರ್ನುಮ್‌ನಲ್ಲೇ ಕಟ್ಟಿಕೊಳ್ಳಿ. ವಾಪಸ್ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಸಂಜೆಯ ಬಸ್ಸುಗಳು ಬೇಗ ಮುಗಿಯುತ್ತವೆ.